ಮೂರನೆಯ ಕೂಗು

ಮೊನ್ನೆ ಪಿಂಚಣಿಯ ಕೆಲಸಕ್ಕೆಂದು ಬೀದರಿನ ಕೋರ್ಟಿನ ಕಡೆ ಹೋಗಿದ್ದೆ. ಬಾಗಿಲಲ್ಲಿ ನಿಂತ ಹೊಸ ಜವಾನ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಯಾರದೋ ಹೆಸರನ್ನು ಒಮ್ಮೆ ಗೊಣಗಿದ. ಒಳಗೆ ಹೋಗಿ ‘ಬಂದಿಲ್ರಿ’ ಎಂದ. ಔರಾದ ಕಡೆಯ ಮುದುಕಿಯೊಬ್ಬಳು ನಳದ ಹತ್ತಿರ ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಆ ಹೆಸರು ಆಕೆಯದೇ. ಯಾರೋ ಹೇಳಿ ಆಕೆ ಓಡಿ ಬರುವಷ್ಟರಲ್ಲಿ ಅವಳ ವಿರುದ್ಧ ತೀರ್ಪು ಬರೆದಾಗಿತ್ತು.

ನನಗೆ ಮೈಯೆಲ್ಲ ಉರಿಯಿತು. ‘ಯಾಕೋ ತಮ್ಮಾ, ಬಾಯಾಗ ಕಡುಬು ಇಟ್ಕೊಂಡು ಕೂಗ್ತಿಯೇನು?’ ಎಂದೆ.

‘ಏ ಮುತ್ಯಾ, ನಿಂದೇನು ಹೋತು? ಬರೇ ಒಂದ್ ಹೆಸರೇ ಅಲ್ಲೇನು?’ ಎಂದ.

ಬರೀ ಒಂದು ಹೆಸರೇ ಅಲ್ಲವೇ ಎಂದನಲ್ಲ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಅವನು ಓದುತ್ತಾನೆಂಬ ಭ್ರಮೆ ನನಗಿಲ್ಲ. ಅವನ ಹಿಂದೆ ಬರುವ ಹುಡುಗರಲ್ಲಿ ಒಬ್ಬನಾದರೂ ಓದಲಿ.

ನನ್ನ ಹೆಸರು ಪ್ರಭುದಾಸ. ಭಾಲ್ಕಿ ತಾಲೂಕಿನ ಸಾಯಗಾಂವದವನು. ನಮ್ಮಪ್ಪ ಊರ ಹೊರಗಿನ ಕೇರಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ. ಮಿಷನ್ನಿನವರು ಬಂದ ಮೇಲೆ ಕ್ರೈಸ್ತನಾದ, ನನ್ನನ್ನು ಬೀದರಿನ ಅವರ ಸಾಲೆಗೆ ಹಾಕಿದ. ಅಲ್ಲಿ ಕನ್ನಡ, ಉರ್ದು ಕಲಿತೆ. ಮರಾಠಿ ನಮ್ಮ ಕಡೆ ಯಾರೂ ಕಲಿಸಬೇಕಾಗಿಲ್ಲ. ದೇವಾಲಯದಲ್ಲಿ ನಾನು ಕೀರ್ತನೆ ಹಾಡಿದರೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆ ಗಂಟಲೇ ನನಗೆ ಅನ್ನ ಕೊಟ್ಟಿತು. ನಿಜಾಮರ ಕಾಲದಲ್ಲಿ ಬೀದರ ಸೀಮೆಯ ಒಂದು ಅದಾಲತ್ತಿನಲ್ಲಿ ಹೆಸರು ಕೂಗುವ ಚಪರಾಸಿಯಾಗಿ ಸೇರಿದೆ. ಯಾವ ಅದಾಲತ್ತು, ಯಾವ ಸಾಹೇಬ ಎಂದು ಹೇಳುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ, ಅವರು ಏನೂ ಮಾಡಿಲ್ಲ. ಬಡ್ತಿ ಗಿಡ್ತಿಯ ಸುದ್ದಿ ಬೇಡ. ಚಪರಾಸಿಯಾಗಿ ಹತ್ತಿದೆ, ಜಮಾದಾರನಾಗಿ ಇಳಿದೆ, ಅಷ್ಟೇ.

ಸೇರಿದ ಹೊಸದರಲ್ಲಿ ನಾನೂ ಬಾಗಿಲಲ್ಲೇ ನಿಂತು ಕೂಗಿ ಒಳಗೆ ಬಂದು ‘ಗೈರಹಾಜರ’ ಎಂದೆ. ನಮ್ಮ ಮುನ್ಸೀಫ್ ಸಾಹೇಬರು ಬಿಳಿ ಗಡ್ಡದ ಹಿರಿಯರು, ಹೈದರಾಬಾದಿನ ಕಡೆಯವರು. ಕೈಯಲ್ಲಿದ್ದ ಕಲಮನ್ನು ಕೆಳಗಿಟ್ಟರು. ‘ಕಾಂ ತಕ್ ಪುಕಾರಾ ರೇ?’ ಎಂದು ಕೇಳಿದರು. ಎಲ್ಲಿಯ ತನಕ ಕೂಗಿದೆ ಎಂದರೆ ಏನು ಹೇಳಲಿ? ಬಾಗಿಲ ತನಕ ಎಂದೆ. ಅವರು ಎದ್ದರು, ಆ ಬಿಸಿಲಿನಲ್ಲಿ ನನ್ನನ್ನು ಕರೆದುಕೊಂಡು ತಾವೇ ಹೊರಗೆ ನಡೆದರು. ಮೊದಲ ಕೂಗು ಬಾಗಿಲಲ್ಲಿ. ಎರಡನೆಯದು ಅಂಗಳದ ಹುಣಸೆ ಮರದ ಕೆಳಗೆ, ಜನ ನೆರಳಿಗೆ ಕೂರುವುದು ಅಲ್ಲೇ ಆದ್ದರಿಂದ. ಮೂರನೆಯದು ಅಂಗಳದ ಹೊರಬಾಗಿಲಾದ ಫಾಟಕಿನಲ್ಲಿ, ರಸ್ತೆಗೆ ಮುಖ ಮಾಡಿ. ಇನ್ನೂ ದಾರಿಯಲ್ಲಿ ಬರುತ್ತಿರುವವನಿಗೂ ಕೇಳಬೇಕು.

‘ಮೂರನೇ ಪುಕಾರ್ ಆಗೂ ತನಕ ನಾ ಕಲಮ್ ಮುಟ್ಟಲ್ಲ. ತಿಳೀತೇನು?’ ಎಂದರು.

ತಿಳಿಯಿತು. ಆಮೇಲೆ ನನ್ನದೂ ಒಂದು ಸೇರಿಸಿದೆ. ಬಾಗಿಲಲ್ಲಿ ಸರ್ಕಾರದ ಭಾಷೆ ಉರ್ದು, ಮರದ ಕೆಳಗೆ ಔರಾದ ಕಡೆಯವರಿಗಾಗಿ ಮರಾಠಿ, ಫಾಟಕಿನಲ್ಲಿ ಕನ್ನಡ. ಸಾಹೇಬರು ಕೇಳಿ ಗಡ್ಡ ಸವರಿಕೊಂಡರು, ಬೇಡ ಎನ್ನಲಿಲ್ಲ.

ಔರಾದಿನ ಕ್ಯಾಂಪಿನಲ್ಲಿ ಆದ ಫಜೀತಿ ಹೇಳಲೇಬೇಕು. ಡೇರೆ ಹಾಕಿ ಅದಾಲತ್ತು ನಡೆಸುತ್ತಿದ್ದರು. ಆಡು ಕದ್ದ ಕೇಸಿನಲ್ಲಿ ‘ಮಾರುತಿ ವಲ್ದ್ ಹಣಮಂತ’ ಎಂದು ಕೂಗಿದೆ. ಹಣಮಂತನ ಮಗ ಮಾರುತಿ ಎಂದರ್ಥ. ಆ ಸೀಮೆಯಲ್ಲಿ ಕಲ್ಲು ಎಸೆದರೆ ಒಬ್ಬ ಮಾರುತಿಗೆ ಬೀಳುತ್ತದೆ! ಒಬ್ಬ ಬಂದು ಕೈಮುಗಿದು ನಿಂತ. ಕೇಳಿದ್ದಕ್ಕೆಲ್ಲ ಹೂಂ ಎಂದ. ಆಡು ಕದ್ದೀಯೇನು? ಹೂಂ. ಮಾರೀಯೇನು? ಹೂಂ. ಸಾಹೇಬರಿಗೆ ಏನೋ ಅನುಮಾನ ಬಂತು. ‘ಯಾಕ್ ಬಂದೀ ಇಲ್ಲಿ?’ ಎಂದರು. ‘ಉಳ್ಳಾಗಡ್ಡಿ ಮಾರ್ಲಕ್ ಬಂದೀನ್ರಿ’ ಎಂದ ಅವನು. ಮತ್ತೆ ಯಾಕೋ ಹೂಂ ಅಂದಿ ಎಂದರೆ, ‘ಸರ್ಕಾರ ಕೇಳಿದ್ರ ಹೂಂ ಅನಬೇಕಲ್ರಿ’ ಎಂದ. ಡೇರೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಅವತ್ತಿನಿಂದ ಹೆಸರು, ತಂದೆಯ ಹೆಸರಿನ ಜೊತೆಗೆ ಕಸುಬು ಮತ್ತು ಊರನ್ನೂ ಕೂಗಬೇಕೆಂದು ಹುಕುಮು ಮಾಡಿದರು.

ನಗುವ ಸುದ್ದಿ ಇಲ್ಲಿಗೆ ಮುಗಿಯಿತು.

ನಿಜಾಮರ ಪರವಾಗಿ ಬಂದೂಕು ಹಿಡಿದ ರಜಾಕಾರರ ಹಾವಳಿ ಜೋರಾದಾಗ ನಮ್ಮ ಸಾಯಗಾಂವದ ರೈತ ಶಿವರಾಯನನ್ನು ಹಾಡುಹಗಲಲ್ಲೇ ಬೇವಿನ ಮರಕ್ಕೆ ಕಟ್ಟಿ ಹೊಡೆದರು. ನಿಜಾಮರ ವಿರುದ್ಧ ಹೋರಾಡಲು ಗಡಿ ದಾಟಿ ಹೋಗುವ ಹುಡುಗರಿಗೆ ರೊಟ್ಟಿ ಕೊಟ್ಟ ಎಂಬುದು ಅವರ ಆರೋಪ. ಕೊಟ್ಟನೋ ಇಲ್ಲವೋ ಯಾರೂ ಕೇಳಲಿಲ್ಲ. ಬೆನ್ನಿನ ಚರ್ಮ ಸುಲಿದು ಬಂದಿತ್ತು. ಮುನ್ಸೀಫ್ ಸಾಹೇಬರು ಸಿಟ್ಟಿನಿಂದ ನಡುಗಿದರು. ‘ಗುನ್ಹಾ ಇದ್ರ ನನ್ನ ಮುಂದ ತರ್ಬೇಕಿತ್ತು. ಹೊಡ್ಯಾಕ ಇವರ್ಯಾರು?’ ಎಂದು ಮೇಲಿನವರಿಗೆ ಬರೆದರು. ಬರೆದದ್ದಕ್ಕೆ ಬಂದ ಉತ್ತರ ಅವರ ವರ್ಗಾವಣೆ. ಹೊರಡುವ ದಿನ ಟಾಂಗಾ ಹತ್ತುವಾಗ ನನ್ನ ಭುಜ ಹಿಡಿದು, ‘ಪ್ರಭುದಾಸ, ನಾ ಹೋದ ಮ್ಯಾಲ ಫಾಟಕ್ ತನಕ ಹೋಗೂದು ಬಿಡಬ್ಯಾಡ’ ಎಂದರು. ಆ ಮುಸಲ್ಮಾನ ಮುದುಕನ ನ್ಯಾಯವನ್ನು ನಾನು ಆಮೇಲೆ ಯಾರಲ್ಲೂ ಕಾಣಲಿಲ್ಲ.

ಪೊಲೀಸ್ ಆ್ಯಕ್ಷನ್ ಆಯಿತು. ಸೈನ್ಯ ಬಂತು, ನಿಜಾಮರ ಸರ್ಕಾರ ಬಿತ್ತು, ಜನ ಕುಣಿದರು. ನಾನೂ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ಹಾವಳಿ ಮಾಡಿದ ರಜಾಕಾರರಲ್ಲಿ ಕುದುರೆ ಇದ್ದವರೆಲ್ಲ ಮೊದಲೇ ಓಡಿಹೋಗಿದ್ದರು. ಆ ಕುದುರೆಗಳಿಗೆ ನಾಲ ಹೊಡೆದವನು ಊರಲ್ಲೇ ಉಳಿದ.

ಅವನು ಭಾತಂಬ್ರಾದ ಖಾಸಿಂಸಾಬ, ಕುದುರೆ ಎತ್ತುಗಳ ಗೊರಸಿಗೆ ಲಾಳ ಹೊಡೆಯುವವನು. ನಾಲಬಂದ. ಭಾಲ್ಕಿ ತಾಲೂಕಿನಲ್ಲಿ ಬಂಡಿ ಎತ್ತಿದ್ದವರಿಗೆಲ್ಲ ಅವನು ಗೊತ್ತು. ಎತ್ತನ್ನು ಹಗ್ಗ ಹಾಕಿ ಕೆಡವಿ, ಅದರ ಕಿವಿಯಲ್ಲಿ ಏನೋ ಮಾತಾಡುತ್ತ ಗೊರಸಿಗೆ ಮೊಳೆ ಹೊಡೆಯುವನು. ನಮ್ಮಪ್ಪ ಹೊಲಿದ ಜೋಡು ಅವನ ಕಾಲಲ್ಲಿರುತ್ತಿತ್ತು. ನಮ್ಮ ಕೇರಿಗೆ ಬಂದರೆ ನಮ್ಮ ಮನೆಯ ನೀರು ಕುಡಿಯುತ್ತಿದ್ದ. ಆಗ ಹಾಗೆ ಕುಡಿಯುವವರು ಎಷ್ಟು ಜನ ಇದ್ದರು ಎಂಬುದು ನಮ್ಮಂಥವರಿಗೆ ಮಾತ್ರ ಗೊತ್ತು.

ರಜಾಕಾರರ ಕುದುರೆಗೆ ನಾಲ ಕಟ್ಟಿದ, ಅಂದರೆ ಅವನೂ ರಜಾಕಾರ. ಇಷ್ಟೇ ಲೆಕ್ಕ. ಊರವರು ಹಿಡಿದು ಬಡಿದು ಭಾಲ್ಕಿಯಲ್ಲಿ ಪೊಲೀಸರ ಕೈಗೆ ಕೊಟ್ಟರು. ಅವರು ನಮ್ಮ ಅದಾಲತ್ತಿನ ಹತ್ತಿರದ ಸೆರೆಮನೆಗೆ ಹಾಕಿದರು. ಬಡಿಸಿಕೊಂಡರೂ ಜೀವಂತ ಸೆರೆಮನೆ ಸೇರಿದನಲ್ಲ, ಪುಣ್ಯವಂತ ಎಂದರು ಜನ. ಆ ದಿನಗಳಲ್ಲಿ ಹಳ್ಳಿಗಳ ಮುಸಲ್ಮಾನರಿಗೆ ಏನಾಯಿತೆಂದು ಕೇಳಿದರೆ ಅದು ಪುಣ್ಯವೇ. ಕೆಲವು ಊರುಗಳಲ್ಲಿ ಬಾವಿಯ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಯಾಕೆಂದು ಬಿಡಿಸಿ ಹೇಳಲು ನನ್ನಿಂದ ಆಗುವುದಿಲ್ಲ.

ಅದಾಲತ್ತು ಮತ್ತೆ ತೆರೆದ ಹೊಸದರಲ್ಲೇ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಬಟ್ಟೆಯ ಗಂಟು.

‘ಭಾಯಿ, ಇಲ್ಲಿ ಹೆಸರು ಕೂಗಿದ್ರ ಜೇಲಿನಾಗಿನ ಮನುಷ್ಯಾ ಬರ್ತಾನಂತಲ್ರಿ, ಖರೇನು?’

ಖಾಸಿಂಸಾಬನ ಹೆಂಡತಿ ಹಲೀಮಾಬಿ. ಮೈಲೂರಿನಲ್ಲಿ ದೂರದ ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದಳು. ಸೆರೆಮನೆಯ ಬಾಗಿಲಲ್ಲಿ ಆಕೆಯನ್ನು ಒಳಗೆ ಬಿಟ್ಟಿರಲಿಲ್ಲ. ವಿಚಾರಣೆಗೆ ಕರೆದಾಗ ಅದಾಲತ್ತಿನಲ್ಲಿ ನೋಡು ಎಂದಿದ್ದರಂತೆ.

‘ಖರೇ ಅದ ಅಕ್ಕಾ. ಹೆಸರು ಕೂಗಿದ ಮ್ಯಾಲ ಕರ್ಕೊಂಡ್ ಬರಲೇಬೇಕು’ ಎಂದೆ.

ಆಕೆ ಹುಣಸೆ ಮರದ ಕೆಳಗೆ ಕೂತಳು. ಅದಾಲತ್ತು ಇದ್ದ ದಿನವೆಲ್ಲ ಕೂತಳು. ಗಂಟಿನಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ. ಬಂದ ಕೂಡಲೇ ಹಸಿದಿರುತ್ತಾನಲ್ಲ ಎಂದು. ನಾನು ಒಂದೊಂದು ಹೆಸರು ಕೂಗಲು ಹೊರಬಂದಾಗಲೂ ಗಂಟು ಎತ್ತಿಕೊಂಡು ಅರ್ಧ ಏಳುವಳು, ಅವನ ಹೆಸರಲ್ಲ ಎಂದು ತಿಳಿದು ಮತ್ತೆ ಕೂರುವಳು. ಸಂಜೆ ಅದೇ ಗಂಟನ್ನು ಎತ್ತಿಕೊಂಡು ಮೈಲೂರಿಗೆ ನಡೆಯುವಳು. 

ಮುನ್ಸೀಫ್ ಸಾಹೇಬರ ಜಾಗಕ್ಕೆ ಹೊರಗಿನಿಂದ ಒಬ್ಬ ಹೊಸ ಸಾಹೇಬ ಬಂದಿದ್ದ. ನಮ್ಮ ಭಾಷೆ ಒಂದೂ ಬಾರದು, ಅಂಗಿಯ ಇಸ್ತ್ರಿ ಮಾತ್ರ ಗಟ್ಟಿ. ಧೈರ್ಯ ಮಾಡಿ ಖಾಸಿಂಸಾಬನ ಸಂಗತಿ ಕೇಳಿದೆ. ದುಭಾಷಿಯಾಗಿ ನಿಂತ ಗುಮಾಸ್ತ ನನಗೆ ಉತ್ತರ ತಿಳಿಸಿದ.

‘ಅವನ ಮ್ಯಾಲ ಕೇಸ್ ಇಲ್ಲಂತ. ಕೇಸ್ ಇಲ್ದವನ ಹೆಸರು ಕೂಗಾಕ ಬರಲ್ಲಂತ.’

‘ಕೇಸ್ ಇಲ್ಲಂದ್ರ ಬಿಡ್ರಿ ಮತ್ತ.’

‘ಬಿಡಬೇಕಂದ್ರ ಕೇಸ್ ಇರಬೇಕಲ್ಲೋ. ಇಲ್ದಿದ್ರ ಬಿಡೂ ಹುಕುಮ್ ಯಾವುದರ ಮ್ಯಾಲ ಬರೀಬೇಕು?’

ಹೇಗಿದೆ ನೋಡಿ! ಇದನ್ನು ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಡು ಕದ್ದ ಮಾರುತಿಗೆ ಮೂರು ಕೂಗು, ಸಾಕ್ಷಿ, ವಕೀಲ. ಏನೂ ಕದಿಯದ ಖಾಸಿಂಸಾಬನಿಗೆ ಏನೂ ಇಲ್ಲ.

ಇದನ್ನು ಕೇಳಿ ಶಿವರಾಯನೇ ಬಂದ, ರಜಾಕಾರರಿಂದ ಹೊಡೆಸಿಕೊಂಡ ಅದೇ ಶಿವರಾಯ. ಸಾಕ್ಷಿ ಹೇಳುತ್ತೇನೆ ಎಂದ. ‘ನಾ ಕಣ್ಣಾರೆ ನೋಡೀನ್ರಿ. ಎದಿಗಿ ಬಂದೂಕ ಹಚ್ಚಿ ನಾಲ ಹೊಡಿ ಅಂದ್ರು. ಹೊಡದಾನ. ನನಗ ಬರ್ತಿದ್ರ ನಾನೂ ಹೊಡೀತಿದ್ದೆ.’

‘ಯಾವ ಕೇಸಿನ ಸಾಕ್ಷಿ?’ ಎಂದ ಗುಮಾಸ್ತ. ಕೇಸೇ ಇಲ್ಲವಲ್ಲ!

ಶಿವರಾಯ ಅಂಗಿ ಎತ್ತಿ ಬೆನ್ನು ತೋರಿಸಿದ. ‘ನನ್ನ ಬೆನ್ನು ಹರದವರ ಕುದರಿಗಿ ನಾಲ ಹೊಡದಾನ. ಸಿಟ್ಟು ಬರಬೇಕಾದ್ದು ನನಗರಿ. ನನಗ ಬಂದಿಲ್ಲ, ನಿಮಗ್ಯಾಕ ಬಂದದ?’

ಅವನನ್ನು ಹೊರಗೆ ಕಳಿಸಿದರು. ಕಳಿಸಿದ್ದು ನನ್ನ ಕೈಯಿಂದಲೇ, ಯಾಕೆಂದರೆ ಜನರನ್ನು ಹೊರಗೆ ಕಳಿಸುವುದೂ ಚಪರಾಸಿಯ ಕೆಲಸ. ಫಾಟಕಿನಲ್ಲಿ ಅವನು ಹಲೀಮಾಬಿಯ ಕಡೆ ನೋಡಿ, ‘ಅಕ್ಕಾ, ನಾ ಹೇಳ್ಬೇಕಂತ ಬಂದಿದ್ದೆ’ ಎಂದಷ್ಟೇ ಹೇಳಿದ. ಆಕೆ ಅವನಿಗೆ ಎರಡು ರೊಟ್ಟಿ ಕೊಟ್ಟಳು. ಅವನು ಅಲ್ಲೇ ಕೂತು ತಿಂದ.

ಚಳಿಗಾಲ ಕಳೆಯಿತು. ಶುಭ ಶುಕ್ರವಾರ ಬಂತು. ನಮ್ಮ ಪಾದ್ರಿಗಳು ಒಳ್ಳೆಯವರು, ಆದರೆ ಅಂಜುಬುರುಕರು. ಕರ್ತನನ್ನು ಹಿಡಿದದ್ದು, ವಿಚಾರಣೆ ಮಾಡಿದ್ದು, ಶಿಲುಬೆಗೆ ಹಾಕಿದ್ದು ಎಲ್ಲ ಓದಿದರು. ಕೊನೆಗೆ, ಆತನು ಬಾಯಿ ತೆರೆಯಲಿಲ್ಲ, ನಾವೂ ಹಾಗೆ ಸಹಿಸಬೇಕು, ಅಧಿಕಾರದಲ್ಲಿರುವವರಿಗೆ ಅಧೀನರಾಗಿರಬೇಕು ಎಂದು ಬೋಧಿಸಿದರು. ಹೆಂಗಸರು ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ. ಕೂತಲ್ಲೇ ಹಲ್ಲು ಕಡಿಯುತ್ತಿದ್ದೆ.

ಚಿಕ್ಕಂದಿನಿಂದ ಕೇಳಿದ ಕಥೆ ಅದು. ಆದರೆ ಅದಾಲತ್ತಿನಲ್ಲಿ ಕೆಲಸ ಮಾಡುವವನು ಅದನ್ನು ಬೇರೆ ಕಿವಿಯಿಂದ ಕೇಳುತ್ತಾನೆ. ಕರ್ತನ ವಿಚಾರಣೆ ಮಾಡಿದ ಅಧಿಪತಿ ಪಿಲಾತ ಹೇಡಿ, ದುಷ್ಟ. ಅಂಥವನೂ ಜನರ ಮುಂದೆ ನಿಂತು, ಇವನು ಮಾಡಿದ ತಪ್ಪೇನು ಎಂದು ಕೇಳಿದ. ಕರ್ತನ ತಲೆಯ ಮೇಲೆ ಆರೋಪದ ಹಲಗೆ ಹೊಡೆದರು, ಹಾದುಹೋಗುವ ಎಲ್ಲರಿಗೂ ತಿಳಿಯಲೆಂದು ಮೂರು ಭಾಷೆಯಲ್ಲಿ ಬರೆಸಿ. ಅನ್ಯಾಯವೇ, ಆದರೆ ಅವರು ಹಲಗೆ ಬರೆದು ಅನ್ಯಾಯ ಮಾಡಿದರು. ನಮ್ಮವರಿಗೆ ಆ ಹಲಗೆಯೂ ದುಬಾರಿಯಾಯಿತೇ? ನನಗೂ ಮೂರು ಭಾಷೆ ಬರುತ್ತದೆ. ಖಾಸಿಂಸಾಬನ ಹೆಸರನ್ನು ಒಂದರಲ್ಲಿಯೂ ಕೂಗಿಸಲಿಲ್ಲ.

ಆರಾಧನೆ ಮುಗಿದ ಮೇಲೆ ಪಾದ್ರಿಗಳನ್ನು ತಡೆದು ನಿಲ್ಲಿಸಿದೆ. ‘ಅಯ್ಯನೋರೆ, ಆತ ಬಾಯಿ ತೆರೀಲಿಲ್ಲ ಸೈ. ಆತನ ಸಲುವಾಗಿ ಯಾರೂ ತೆರೀಬಾರ್ದು ಅಂತ ಎಲ್ಲಿ ಬರ್ದದ?’

‘ಪ್ರಭುದಾಸಾ, ಸಣ್ಣಗ ಮಾತಾಡು. ನಾವು ಎಣಿಕಿಗಿ ಇಲ್ದ ಜನ. ಈಗ ಮುಸಲ್ಮಾನರ ಸಲುವಾಗಿ ಬಾಯಿ ಬಿಟ್ರ ನಮ್ ಮ್ಯಾಲೂ ಕಣ್ ಬೀಳ್ತದ.’

‘ಕರ್ತನ ಹತ್ರ ರಾತ್ರಿ ಕದ್ದು ಬಂದ ನಿಕೋದೇಮಗೂ ಇದೇ ಅಂಜಿಕಿ ಇತ್ತಲ್ರಿ. ಆದ್ರೂ ಕೇಳ್ದ. ಮನುಷ್ಯಾ ಏನಂತಾನ ಅಂತ ಕೇಳಲಾರ್ದೆ ಹ್ಯಾಂಗ ಗುನ್ಹೇಗಾರ ಮಾಡ್ತೀರಿ ಅಂತ ಹಿರ್ಯಾರ ಸಭಾದಾಗೇ ಕೇಳ್ದ.’

‘ಕೇಳಿ ಏನಾತು? ಅವನಿಗೇ ಬೈದು ಕೂಡಿಸಿದ್ರು.’

ಅದೇ ನನ್ನ ಸಿಟ್ಟು. ಇಡೀ ಸಭೆಯಲ್ಲಿ ಒಬ್ಬನೇ ಒಬ್ಬ ಕಾನೂನಿನ ಮಾತಾಡಿದ. ನೀನೂ ಆ ಆರೋಪಿಯ ಸೀಮೆಯವನೇನು ಎಂದು ಅವನನ್ನು ಹಂಗಿಸಿದರು, ಅವನು ಕೂತುಬಿಟ್ಟ. ನೀನು ಯಾಕಪ್ಪಾ ಕೂತೆ? ಇನ್ನೊಂದು ಸಲ ಕೇಳಬೇಕಿತ್ತು. ಬಾಗಿಲಲ್ಲಿ ಕೇಳಿದ್ದು ಸಾಲದಿದ್ದರೆ ಮರದ ಕೆಳಗೆ ಕೇಳಬೇಕಿತ್ತು, ಅಲ್ಲೂ ಸಾಲದಿದ್ದರೆ ಬೀದಿಗೆ ಬರಬೇಕಿತ್ತು. ಎರಡು ಸಾವಿರ ವರ್ಷದ ಹಿಂದಿನವನ ಮೇಲೆ ನಾನು ಮನೆಗೆ ಬಂದು ಕೂಗಾಡಿದೆ. ನನ್ನ ಹೆಂಡತಿ ಸುಂದರಮ್ಮ ಒಲೆಯ ಮುಂದಿನಿಂದ ಕೇಳುತ್ತಲೇ ಇದ್ದಳು.

‘ಮನ್ಯಾಗ ಕೂಗಾಡಿದ್ರ ನಾ ಏನ್ ಮಾಡ್ಲಿ? ಕೂಗೂದಕ್ಕ ಅಂತ ಸರ್ಕಾರ ನಿಮಗ ಜಾಗಾ ಕೊಟ್ಟದಲ್ಲ. ಅಲ್ಲಿ ಹೋಗಿ ಕೂಗ್ರಿ’ ಎಂದಳು.

ಈಸ್ಟರ್ ಮುಗಿದು ಅದಾಲತ್ತು ಕೂತ ದಿನ, ಜನ ತುಂಬಿದ ಹೊತ್ತಿನಲ್ಲಿ, ಒಂದು ಕೇಸು ಮುಗಿದು ಇನ್ನೊಂದು ಹೆಸರು ಕೊಡುವ ಮೊದಲು ನಾನು ಬಾಗಿಲಿಗೆ ಬಂದೆ. ಎದೆ ತುಂಬ ಉಸಿರು ತೆಗೆದುಕೊಂಡು ಉರ್ದುವಿನಲ್ಲಿ ಕೂಗಿದೆ. ‘ಖಾಸಿಂಸಾಬ ವಲ್ದ್ ಇಮಾಮಸಾಬ, ನಾಲಬಂದ, ಸಾಕಿನ್ ಭಾತಂಬ್ರಾ, ಹಾಜಿರ್ ಹೈ?’

ಮರದ ಕೆಳಗೆ ಹಲೀಮಾಬಿ ಪೂರ್ತಿ ಎದ್ದು ನಿಂತಳು. ಗಂಟನ್ನು ಎದೆಗೆ ಒತ್ತಿಕೊಂಡಿದ್ದಳು. ನಾನು ನಡೆದು ಮರದ ಹತ್ತಿರ ಹೋಗಿ ಆಕೆಯ ಪಕ್ಕದಲ್ಲೇ ನಿಂತು ಮರಾಠಿಯಲ್ಲಿ ಕೂಗಿದೆ. ಆಕೆಯ ಕಣ್ಣು ಸೆರೆಮನೆಯ ಕಡೆಯ ದಾರಿಯ ಮೇಲಿತ್ತು. ಫಾಟಕಿನ ಕಡೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಸಾಹೇಬನ ಆಳುಗಳು ಬಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು.

‘ಯಾರ ಹುಕುಮ್?’ ಎಂದು ಗುಮಾಸ್ತನ ಬಾಯಿಂದ ಕೇಳಿಸಿದ ಸಾಹೇಬನ ಮುಖ ಕೆಂಪಾಗಿತ್ತು.

‘ಹೆಸರು ಕೂಗೀನ್ರಿ. ಮನುಷ್ಯಾ ಬಂದಿಲ್ಲ. ಯಾಕ ಬಂದಿಲ್ಲ ಅಂತ ಕೇಳ್ರಿ, ಇಲ್ಲಾ ನನಗೂ ಒಳಗ ಹಾಕ್ರಿ. ನನ್ನ ಮ್ಯಾಲೂ ಕೇಸ್ ಬ್ಯಾಡ.’

ನನ್ನನ್ನು ಒಳಗೆ ಹಾಕುತ್ತಿದ್ದನೋ ಏನೋ. ಅಷ್ಟರಲ್ಲಿ ಒಬ್ಬ ಹಿರಿಯ ವಕೀಲರು ಎದ್ದರು. ತುಂಬಿದ ಅದಾಲತ್ತಿನಲ್ಲಿ ಹೆಸರು ಕೂಗಿಯಾಗಿದೆ, ಎಲ್ಲರೂ ಕೇಳಿದ್ದಾರೆ, ಆ ಮನುಷ್ಯ ಸರ್ಕಾರದ ಸೆರೆಯಲ್ಲೇ ಇದ್ದಾನೆ, ಎಲ್ಲಿದ್ದಾನೆಂದು ಹೇಳದೆ ಮುಂದಿನ ಕೇಸು ಹೇಗೆ ನಡೆಸುತ್ತೀರಿ ಎಂದರು. ಅವರ ಹಿಂದೆ ಇನ್ನಿಬ್ಬರು ವಕೀಲರು ಎದ್ದು ನಿಂತರು. ಸಾಹೇಬ ಹಲ್ಲು ಕಚ್ಚಿ ಸೆರೆಮನೆಗೆ ಆಳನ್ನು ಓಡಿಸಿದ.

ಆಳು ಬೇಗನೇ ತಿರುಗಿ ಬಂದ.

ಖಾಸಿಂಸಾಬ ಸತ್ತುಹೋಗಿದ್ದ. ರಕ್ತಭೇದಿ ಆಗಿತ್ತಂತೆ. ಸತ್ತದ್ದು ನಿನ್ನೆ ಮೊನ್ನೆಯಲ್ಲ, ಚಳಿಗಾಲದಲ್ಲಿ, ನಾವು ದೇವಾಲಯದಲ್ಲಿ ಕ್ರಿಸ್ಮಸ್ಸಿನ ಹಾಡು ಹಾಡುವ ಮೊದಲೇ. ಹೂಳಿಯೂ ಆಗಿತ್ತು. ಮನೆಯವರಿಗೆ ಯಾಕೆ ತಿಳಿಸಲಿಲ್ಲ ಎಂದರೆ, ಕೇಸು ಇಲ್ಲದವನಾದ್ದರಿಂದ ಯಾರಿಗೆ ತಿಳಿಸಬೇಕೆಂಬ ಪದ್ಧತಿ ಇರಲಿಲ್ಲವಂತೆ. ಥೂ!  ಆ ಚಳಿಯೆಲ್ಲ ಆಕೆ ಸತ್ತವನಿಗಾಗಿ ರೊಟ್ಟಿ ಬಡಿದು ತಂದಳು. ಕೈದಿಗಳನ್ನು ಕರೆತರುವ ಸೆರೆಮನೆಯವರಿಗೆ ಗೊತ್ತಿತ್ತು. ಆಕೆಯ ಪಕ್ಕದಲ್ಲೇ ದಿನಾ ಹಾದುಹೋಗುತ್ತಿದ್ದರು.

ಹಲೀಮಾಬಿಗೆ ಹೇಳಬೇಕಾದವನೂ ನಾನೇ ಆದೆ. ಮರದ ಕೆಳಗೆ ಕೂತು ಹೇಳಿದೆ. ಆಕೆ ಅಳಲಿಲ್ಲ. ರೊಟ್ಟಿಯ ಗಂಟು ಬಿಚ್ಚಿದಳು, ಮತ್ತೆ ಕಟ್ಟಿದಳು. 

‘ಎರಡೇ ಸಲ ಆತಲ್ರಿ ಭಾಯಿ. ಮೂರನೇದು?’

‘ಅಕ್ಕಾ, ಖಾಸಿಂಭಾಯಿ ಇಲ್ಲ...’

‘ಗೊತ್ತಾತ್ರಿ. ಕಳ್ಳರಿಗೂ ಮೂರು ಸಲ ಕೂಗ್ತೀರಿ, ನಾ ಇಲ್ಲೇ ಕೂತು ನೋಡೀನಿ. ನಮ್ಮವರಿಗ್ಯಾಕ ಎರಡು?’

 ಎದ್ದು ಫಾಟಕಿಗೆ ಹೋದೆ. ಆಕೆ ನನ್ನ ಹಿಂದೆಯೇ ಬಂದಳು. ಈ ಸಲ ಯಾರೂ ತಡೆಯಲಿಲ್ಲ. ರಸ್ತೆಗೆ ಮುಖ ಮಾಡಿ ಕನ್ನಡದಲ್ಲಿ ಕೂಗಿದೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಇನ್ನೊಮ್ಮೆ ಕೂಗಿಲ್ಲ. ಗಂಟಲಲ್ಲಿ ರಕ್ತದ ರುಚಿ ಬಂತು. ರಸ್ತೆಯಲ್ಲಿ ಹೊರಟಿದ್ದ ಬಂಡಿಗಳು ನಿಂತವು. ‘ಇಮಾಮಸಾಬನ ಮಗ ಖಾಸಿಂಸಾಬ, ನಾಲಬಂದ, ಭಾತಂಬ್ರಾ ಊರಿನವ, ಹಾಜರ ಇದ್ದಾನೇನು?’

ಹಿಂದಿನಿಂದ ಹಲೀಮಾಬಿ ಉತ್ತರ ಕೊಟ್ಟಳು. ಇಡೀ ರಸ್ತೆಗೆ ಕೇಳುವ ಹಾಗೆ ಕೊಟ್ಟಳು.

‘ಹಾಜರ್ ಇಲ್ರಿ! ಯಾಕಿಲ್ಲ ಅಂತ ಒಳಗಿನವರಿಗಿ ಕೇಳ್ರಿ!’

ಕೂಗಿದ ಮೇಲೆ ಒಳಗೆ ಹೋಗಿ ಉತ್ತರ ತಿಳಿಸಬೇಕಾದದ್ದು ನನ್ನ ಕೆಲಸ. ಹೋಗಿ ಸಾಹೇಬನ ಮುಂದೆ ನಿಂತು ಆಕೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಗುಮಾಸ್ತ ಅದನ್ನು ಸಾಹೇಬನ ಭಾಷೆಗೆ ತಿರುಗಿಸಲಿಲ್ಲ, ತಿರುಗಿಸಬೇಕಾಗಿಯೂ ಇರಲಿಲ್ಲ. ಸಾಹೇಬ ಕಲಮು ಎತ್ತಿಕೊಂಡು ಮುಂದಿನ ಕೇಸು ಕೇಳಿದ. ನನ್ನನ್ನು ಆ ವಾರವೇ ಔರಾದಿಗೆ ದಬ್ಬಿದರು.

ತಮ್ಮಾ, ಆ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಬಾಯಲ್ಲಿದ್ದದ್ದನ್ನು ಉಗುಳು, ಫಾಟಕಿನ ತನಕ ಹೋಗಿ ಕೂಗು.